ಬಿಡಿಸಿ ನೋಡು

ಕೊಟ್ಟೂರು ತೇರಿಗೆಂದು ಊರಿಗೆ ಬಂದ ನೀನು ಮೊಬೈಲನ್ನು ಮೂಗಿನ ಮುಂದೆ ಹಿಡಿದು, "ಅಜ್ಜಾ, ಇದನ್ನ ಕೈ ಮೇಲೆ ಹಚ್ಚೆ ಹಾಕಿಸ್ಕೊಳ್ಲಾ?" ಎಂದು ಕೇಳಿದೆ. ಎರಡೇ ಪದ: ಕಾರ್ಪೆ ಡೀಎಮ್. ಲ್ಯಾಟಿನ್ ಅಂತೆ. ಅರ್ಥ ಏನವ್ವಾ ಅಂದರೆ, "ಮಜಾ ಮಾಡು ಅಂತ ಇರಬೇಕು, ಅರ್ಥ ಏನಾದ್ರೂ ಇರ್ಲಿ, ಕೇಳೋಕೆ ಎಷ್ಟು ಚೆನ್ನಾಗಿದೆ ನೋಡು" ಅಂದೆ. ನಿಮ್ಮಜ್ಜಿ ತನ್ನ ಮುಂಗೈಯ ಹಸಿರು ಹಚ್ಚೆ ಸವರಿಕೊಂಡು ನಕ್ಕಳು. ನಾನು ಸುಮ್ಮನಿದ್ದೆ. ತೇರಿನ ಗದ್ದಲದಲ್ಲಿ ಹೇಳುವ ಮಾತಾಗಿರಲಿಲ್ಲ ಅದು. ಈಗ ಕೂಡ್ಲಿಗಿಯ ನಮ್ಮ ಕಟ್ಟೆಯ ಮೇಲೆ ಕೂತು ಸಮಾಧಾನದಿಂದ ಹೇಳುತ್ತೇನೆ, ಕೇಳು.

ಬೇಡ ಅನ್ನುವುದಕ್ಕಲ್ಲ ಈ ಮಾತು. ತಿಳಿಯದ ಭಾಷೆಯ ಮಾತು ಮನಸ್ಸನ್ನು ಎಳೆಯುತ್ತದೆ, ಅದರಲ್ಲಿ ತಪ್ಪಿಲ್ಲ. ತಿಳಿದ ಭಾಷೆಯಲ್ಲೇ ಆದರೂ ಒಗಟಿನಂಥ ಮಾತಿಗೆ ಜನ ಹೇಗೆ ಕಿವಿ ಕೊಡುತ್ತಾರೆಂದು ನೋಡಬೇಕಾದರೆ ಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಹೋಗಬೇಕು. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಡೆಂಕನಮರಡಿಯ ಬಯಲು ತುಂಬ ಜನ. ಗೊರವಯ್ಯ ಬಿಲ್ಲೇರಿ "ಸದ್ದಲೇ" ಅನ್ನುತ್ತಾನೆ. ಅಷ್ಟೂ ಜನ ಗಪ್‌ಚಿಪ್. ಆಮೇಲೆ ಕಾರಣಿಕ ಎಂಬ ಒಂದೇ ಒಂದು ಸಾಲಿನ ಭವಿಷ್ಯವಾಣಿ, ಅಷ್ಟೇ, ಆತ ಬಿಲ್ಲಿನಿಂದ ಕೆಳಕ್ಕೆ ಬೀಳುತ್ತಾನೆ. ಆ ನಾಲ್ಕೈದು ಪದಗಳನ್ನು ರೈತ ಮಳೆಗೆ ಹೊಂದಿಸುತ್ತಾನೆ, ವ್ಯಾಪಾರಿ ಧಾರಣೆಗೆ ಹೊಂದಿಸುತ್ತಾನೆ, ರಾಜಕಾರಣಿ ಕುರ್ಚಿಗೆ ಹೊಂದಿಸುತ್ತಾನೆ. ಮಾತು ಗಿಡ್ಡವಾದಷ್ಟೂ ಅದಕ್ಕೆ ಜಾಗ ಜಾಸ್ತಿ. ಲ್ಯಾಟಿನ್ನಿನ ಸೆಳೆತವೂ ಅರ್ಧ ಇದೇ. ಪೂರ್ತಿ ತಿಳಿಯದಿರುವುದರಿಂದ ನಮಗೆ ಬೇಕಾದ ಅರ್ಥವನ್ನೆಲ್ಲ ಅದರೊಳಗೆ ತುಂಬುತ್ತೇವೆ.

ನನಗೂ ನಿನ್ನ ವಯಸ್ಸಿನಲ್ಲಿ ಈ ಹುಚ್ಚಿತ್ತು. ಕೋರ್ಟಿನಲ್ಲಿ ಗುಮಾಸ್ತನಾಗಿ ಸೇರಿದ ಹೊಸತು. ಪ್ರೈಮಾ ಫೇಸಿ, ಇಂಟರ್ ಏಲಿಯಾ, ಸೈನ್ ಡೈ ಅಂತ ನಾಲಗೆ ತುದಿಯಲ್ಲಿ ಉರುಳಿಸಿದರೆ ಸಾಕು, ಹಳ್ಳಿಯ ಕಕ್ಷಿದಾರರು ಕೈಮುಗಿದು ಎದ್ದು ನಿಲ್ಲುತ್ತಿದ್ದರು. ಒಂದು ದಿನ ಹೊಳೆದಂಡೆಯ ಊರಿನ ಮುದುಕನೊಬ್ಬ ಬಂದು, "ಸಾಹೇಬ್ರ, ನಮ್ಮ ಹೊಲದ ಕೇಸು ಏನಾತ್ರಿ?" ಅಂತ ಕೇಳಿದ. ಫೈಲಿನಿಂದ ತಲೆ ಎತ್ತದೆ, "ಎಕ್ಸ್‌ಪಾರ್ಟಿ ಆಗಿದೆ" ಅಂದೆ. ಅವನ ಕಿವಿಗೆ ಬಿದ್ದದ್ದು 'ಪಾರ್ಟಿ' ಒಂದೇ. ಎದುರು ಪಾರ್ಟಿ ಸೋತಿತು ಅಂದುಕೊಂಡ. ನನಗೆ ನಮಸ್ಕಾರ ಮಾಡಿ, ಹೆಂಡತಿಗೆ ಹೂ, ಮಕ್ಕಳಿಗೆ ಮಂಡಕ್ಕಿ ಕಟ್ಟಿಸಿಕೊಂಡು ಊರಿಗೆ ಹೋದ. ಎಕ್ಸ್ ಪಾರ್ಟೆ ಅಂದರೆ ಒಂದೇ ಕಡೆಯವರ ಮಾತು ಕೇಳಿ ಆದ ತೀರ್ಪು. ಗೈರುಹಾಜರಾಗಿದ್ದವನು ಅವನೇ, ಹೊಲ ಹೋದದ್ದು ಅವನದೇ. ಅಂಥ ಡಿಕ್ರಿ ರದ್ದು ಮಾಡಿ ಎಂದು ಕೇಳಿಕೊಳ್ಳಲು 30 ದಿನದ ಗಡುವು ಇರುತ್ತದೆ. ಅವನು ಮರಳಿ ಬಂದದ್ದು ಸುಗ್ಗಿ ಮುಗಿದ ಮೇಲೆ. "ಅವತ್ತು ನೀವು ಬಿಡಿಸಿ ಹೇಳಿದ್ರೆ ಆಗ್ತಿತ್ತಲ್ರಿ" ಅಂದ. ಬೈಯಲಿಲ್ಲ, ಅಷ್ಟೇ ಅಂದ. ಬಿಡಿಸಿ ಹೇಳುವುದಕ್ಕೆ ನನಗೆ ಅರ್ಧ ನಿಮಿಷ ಸಾಕಾಗಿತ್ತು. ಆವತ್ತಿನಿಂದ ಅರ್ಥ ಬಿಡಿಸದೆ ಒಂದು ಪದವನ್ನೂ ಯಾರ ಮುಂದೆಯೂ ಆಡಬಾರದೆಂದು ಪಣ ತೊಟ್ಟೆ. ಸಂಬಳದ ಉಳಿತಾಯದಲ್ಲಿ ಹಳೆಯದೊಂದು ಲ್ಯಾಟಿನ್ ನಿಘಂಟು ಕೊಂಡೆ.

ಬಿಡಿಸಿ ನೋಡಿದರೆ ಕೆಲವು ಪದಗಳ ಬಣ್ಣ ಹೋಗುತ್ತದೆ. ನಮ್ಮ ಗುಡೇಕೋಟೆಯ ಬಂಡೆಗಳ ನಡುವೆ ಕರಡಿಧಾಮ ಇದೆಯಲ್ಲ, ಅಲ್ಲಿಯ ಕರಡಿಗೆ 1791ರಲ್ಲಿ ಇಂಗ್ಲೆಂಡಿನ ಜಾರ್ಜ್ ಶಾ ಎಂಬ ವಿದ್ವಾಂಸ ಇಟ್ಟ ಹೆಸರು ಬ್ರಾಡಿಪಸ್ ಅರ್ಸಿನಸ್. ಕೇಳಲು ಎಷ್ಟು ಗಂಭೀರ! ಅರ್ಥ, ಕರಡಿಯಂತಿರುವ ನಿಧಾನಗಾಲಿನ ಪ್ರಾಣಿ. ಉದ್ದುದ್ದ ಉಗುರು ನೋಡಿ ಆತ ಅದನ್ನು ಅಮೆರಿಕದ ಮರಗಳಲ್ಲಿ ಜೋತುಬೀಳುವ ಸ್ಲಾತ್ ಎಂಬ ಸೋಮಾರಿ ಪ್ರಾಣಿಯ ಬಳಗಕ್ಕೆ ಸೇರಿಸಿದ್ದ. ಗುಡೇಕೋಟೆಯ ಕುರಿ ಕಾಯುವ ಹುಡುಗನನ್ನು ಕೇಳಿದ್ದರೆ, "ಕರಡಿ ಅದು, ಓಡ್ರೀ" ಅನ್ನುತ್ತಿದ್ದ. ಎರಡು ವರ್ಷ ಕಳೆಯುವುದರೊಳಗೆ ಮತ್ತೊಬ್ಬ ವಿದ್ವಾಂಸ ಮೆಲರ್ಸಸ್, ಅಂದರೆ ಜೇನುಕರಡಿ, ಎಂದು ತಿದ್ದಿದ. ಇಂಗ್ಲಿಷಿನಲ್ಲಿ ಮಾತ್ರ ಸೋಮಾರಿ ಎಂಬ ಅಪವಾದ ಇಂದಿಗೂ ಆ ಬಡಪ್ರಾಣಿಯ ಬೆನ್ನು ಬಿಟ್ಟಿಲ್ಲ. ಲ್ಯಾಟಿನ್ನಿನಲ್ಲಿ ಹೇಳಿದ ಮಾತ್ರಕ್ಕೆ ತಪ್ಪು ಸರಿಯಾಗುವುದಿಲ್ಲ, ತಿದ್ದುವುದು ಕಷ್ಟವಾಗುತ್ತದೆ ಅಷ್ಟೇ.

ಇನ್ನು ಕೆಲವು ಪದಗಳನ್ನು ಬಿಡಿಸಿದರೆ ನಗು ಬರುತ್ತದೆ. ನೀನು ಹಗರಿಬೊಮ್ಮನಹಳ್ಳಿಯಲ್ಲಿ ಇಳಿದು ಬದಲಿಸುವ ಬಸ್ಸು ಇದೆಯಲ್ಲ, ಅದರ ಮೂಲ ಆಮ್ನಿಬಸ್. 'ಎಲ್ಲರಿಗೆ' ಎಂದು ಅರ್ಥ. ಶಾಲೆಯಲ್ಲಿ ನೀನು ಬಾಯಿಪಾಠ ಮಾಡಿದ ಚತುರ್ಥೀ ವಿಭಕ್ತಿ. ಮೊದಲಿನದೆಲ್ಲ ಸವೆದು ಕೊನೆಯ ಪ್ರತ್ಯಯ ಮಾತ್ರ ಉಳಿಯಿತು. ಅಂದರೆ ನಾವು 'ಎಲ್ಲರಿಗೆ' ಅನ್ನುವುದರಲ್ಲಿ ಎಲ್ಲರನ್ನೂ ಇಳಿಸಿ ಬರೀ 'ಗೆ' ಮೇಲೆ ಕೂತು ಊರಿಗೆ ಹೋಗುತ್ತಿದ್ದೇವೆ. ಗ್ರಾಮ ಪಂಚಾಯಿತಿಯಲ್ಲಿ "ಕೋರಂ ಇಲ್ಲ, ಸಭೆ ಮುಂದಕ್ಕೆ" ಅನ್ನುತ್ತಾರೆ. ಕೋರಂ ಅಂದರೆ 'ಯಾರ' ಎಂಬ ಷಷ್ಠೀ ವಿಭಕ್ತಿ, ಬಹುವಚನ. ಇಂಗ್ಲೆಂಡಿನಲ್ಲಿ ನ್ಯಾಯಾಧಿಕಾರಿಗಳನ್ನು ನೇಮಿಸುವ ಆಜ್ಞೆಯಲ್ಲಿ 'ಇವರಲ್ಲಿ ಇಂಥವರು ಇರಲೇಬೇಕು' ಎಂದು ಸೂಚಿಸುವ ಸಾಲು ಆ ಪದದಿಂದ ಶುರುವಾಗುತ್ತಿತ್ತು. ಅಫಿಡವಿಟ್ ಅಂದರೆ 'ಅವನು ಪ್ರಮಾಣ ಮಾಡಿದ್ದಾನೆ', ಅದೊಂದು ಇಡೀ ವಾಕ್ಯ. ಬೋನಾಫೈಡ್ ಸರ್ಟಿಫಿಕೇಟಿಗೆ ನೀನು ಹೆಡ್‌ಮಾಸ್ತರರ ಬಾಗಿಲಲ್ಲಿ ನಿಂತಿದ್ದೆಯಲ್ಲ, ಬೋನಾ ಫಿಡೆ ಅಂದರೆ 'ಒಳ್ಳೆಯ ನಂಬಿಕೆಯಿಂದ'. ಡಾಕ್ಟರ ಚೀಟಿಯಲ್ಲಿ ಟಿ.ಡಿ.ಎಸ್. ಎಂದಿದ್ದರೆ 'ದಿನಕ್ಕೆ ಮೂರು ಸಲ ತೆಗೆದುಕೊಳ್ಳತಕ್ಕದ್ದು' ಎಂದು ಲ್ಯಾಟಿನ್ನಿನಲ್ಲಿ ಹೇಳಿದ ಹಾಗೆ. ಔಷಧಿ ಅಂಗಡಿಯ ಹುಡುಗ ಮೂರು ಗೀಟು ಎಳೆದು ಅದನ್ನೇ ಕನ್ನಡಕ್ಕೆ ತರುತ್ತಾನೆ. ಲ್ಯಾಟಿನ್ ದೂರದ್ದು ಅಂದುಕೊಂಡಿದ್ದೆಯಾ? ಅದು ನಿನ್ನ ಚೀಲದಲ್ಲೇ ಇದೆ.

ಅದರ ಮಾತು ಯಾಕೆ ಅಷ್ಟು ಬಿಗಿ ಅಂತಲೂ ತಿಳಿದುಕೋ. ಲ್ಯಾಟಿನ್ನಿನಲ್ಲೂ ನಮ್ಮ ಹಾಗೆ ವಿಭಕ್ತಿ ಪ್ರತ್ಯಯ ಪದದ ಬಾಲಕ್ಕೇ ಅಂಟುತ್ತದೆ. 'ಡೀಎಮ್' ಅಂದರೆ 'ದಿನವನ್ನು'. 'ಕಾರ್ಪೆ' ಅಂದರೆ ಏಕವಚನದಲ್ಲಿ ಒಬ್ಬರಿಗೆ ಹೇಳಿದ ಆಜ್ಞೆ. ಅವರಿಗೆ ಎರಡು ಪದ, ನಮಗೂ ಎರಡು ಪದ. ಇಂಗ್ಲಿಷಿಗೆ ಮೂರು ಬೇಕು. ಕಡಿಮೆ ಮಾತಿನಲ್ಲಿ ಹೆಚ್ಚು ಕಟ್ಟುವ ಗುಣಕ್ಕೆ ನೀನು ಮರುಳಾಗಿದ್ದರೆ, ಆ ಗುಣ ನಿನ್ನ ಅಜ್ಜಿಯ ಗಾದೆಗಳಲ್ಲೂ ಇದೆ. ಕೇಳಿ ಕೇಳಿ ರೂಢಿಯಾಗಿ ನಿನ್ನ ಕಿವಿಗೆ ತಾಗುತ್ತಿಲ್ಲ.

ನಿಘಂಟು ತಿರುವುತ್ತಾ ತಿರುವುತ್ತಾ ನನಗೆ ಬೆರಗಾದದ್ದು ಬೇರೊಂದು ವಿಷಯಕ್ಕೆ. ಅಮೃತಶಿಲೆಯ ಮೇಲೆ ಕೆತ್ತಿದ ಭಾಷೆ ಅಂದುಕೊಂಡಿದ್ದೆ, ನೋಡಿದರೆ ಅದು ಹೊಲದ ಭಾಷೆ. ಜ್ವರದಲ್ಲಿ ಬಡಬಡಿಸುವುದಕ್ಕೆ ಡಾಕ್ಟರು ಡಿಲೀರಿಯಂ ಅನ್ನುತ್ತಾರಲ್ಲ, ಅದರೊಳಗಿನ 'ಲೀರಾ' ಅಂದರೆ ನೇಗಿಲ ಸಾಲು. ಸಾಲು ಬಿಟ್ಟು ಹೋದ ನೇಗಿಲೇ ಡಿಲೀರಿಯಂ. ಶೇಂಗಾ ಬಿತ್ತುವ ನಮ್ಮ ಹೊಲದಲ್ಲಿ ಎತ್ತು ಬೆದರಿ ಕೂರಿಗೆ ಅಡ್ಡ ಹೋದದ್ದನ್ನು ನೋಡಿದವನಿಗೆ ಈ ಪದ ವಿವರಿಸಬೇಕಾಗಿಲ್ಲ. ದುಡ್ಡಿಗೆ ಅವರು ಪೆಕೂನಿಯಾ ಅನ್ನುತ್ತಿದ್ದರು, ಅದು ದನಕರು ಎಂಬ ಅರ್ಥದ 'ಪೆಕುಸ್'ನಿಂದ ಬಂದದ್ದು. ನಮ್ಮಲ್ಲಿ ಸಂಸ್ಕೃತದ 'ಧನ'ವೇ ಹಟ್ಟಿಗೆ ಬಂದು 'ದನ' ಆಯಿತು. ಅವರಲ್ಲಿ ದನ ದುಡ್ಡಾಯಿತು, ನಮ್ಮಲ್ಲಿ ದುಡ್ಡು ದನವಾಯಿತು. ಎದುರಾಳಿಗೆ ಇಂಗ್ಲಿಷಿನವರು ರೈವಲ್ ಅನ್ನುತ್ತಾರೆ. ಅದರ ಲ್ಯಾಟಿನ್ ಮೂಲ 'ರಿವಾಲಿಸ್', ಅಂದರೆ ಒಂದೇ ಹಳ್ಳದ ನೀರು ಹಂಚಿಕೊಳ್ಳುವವನು. ಮಾಲವಿ ಜಲಾಶಯದ ಕೆಳಗಿನವರಿಗೂ ತುಂಗಭದ್ರೆಯ ಕಾಲುವೆಯ ಕೊನೆಯ ಹೊಲದವರಿಗೂ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಕೋರ್ಟಿನಲ್ಲಿ ನಾನು ಕಂಡ ಜಗಳಗಳಲ್ಲಿ ಎಷ್ಟೋ ಈ ಪದದೊಳಗೇ ಇದ್ದವು.

ಆ ಶೇಂಗಾಕ್ಕಿರುವ ನೆಲಗಡಲೆ ಎಂಬ ಕನ್ನಡದ ಹೆಸರಿಗೂ 1753ರಲ್ಲಿ ಲಿನ್ನೇಯಸ್ ಆ ಗಿಡಕ್ಕೆ ಇಟ್ಟ ಅರಾಕಿಸ್ ಹೈಪೊಜಿಯಾ ಎಂಬ ಹೆಸರಿಗೂ ಹೊಳೆದದ್ದು ಒಂದೇ ಸಂಗತಿ: ಕಾಯಿ ನೆಲದೊಳಗೆ. ಸ್ವೀಡನ್ನಿನ ಪಂಡಿತ ಅದಕ್ಕೆ ಗ್ರೀಕಿನ ಬಟ್ಟೆಗೆ ಲ್ಯಾಟಿನ್ ಅಂಚು ಕಟ್ಟಿದ, ನಮ್ಮವರು ಕನ್ನಡದ ಅಂಗಿ ತೊಡಿಸಿದರು. ಒಳಗಿನ ಬೀಜ ಒಂದೇ.

ಹಾಗಂತ ನಮ್ಮ ಮಾತೇ ಮೇಲು, ಅವರದು ಕೀಳು ಅನ್ನಬೇಡ. ನಮ್ಮ ಮಾತೂ ತೂಕದ್ದೇ ಎನ್ನುವುದನ್ನು ಮರೆಯಬೇಡ ಅಂತಷ್ಟೇ ನನ್ನ ಮಾತು. ಉದಾಹರಣೆಗೆ, 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿದ ಹರಪನಹಳ್ಳಿ 2018ರಲ್ಲಿ ಬಳ್ಳಾರಿಗೆ ಮರಳಿತು. 2021ರಲ್ಲಿ ನಮ್ಮೆಲ್ಲರ ಜೊತೆ ವಿಜಯನಗರ ಜಿಲ್ಲೆಗೆ ಬಂತು. ಆ ಮರಳಿಕೆಗೆ ವಕೀಲರು 'ಸ್ಟೇಟಸ್ ಕೋ ಆಂಟೆ' ಅಂದಾರು, ಮೊದಲಿದ್ದ ಸ್ಥಿತಿ ಅಂತ. 'ತವರಿಗೆ ಬಂತು' ಅಂದರೆ ಅದೇ ಅರ್ಥದ ಜೊತೆಗೆ ಒಂದು ಹನಿ ಕಣ್ಣೀರೂ ಸೇರುತ್ತದೆ. ಅದೇ ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ಬೀಚಿ ನಾಡನ್ನೆಲ್ಲ ನಗಿಸಿದ್ದು ಬಾಯಿತುಂಬ ಪಾಂಡಿತ್ಯದ ಪದ ಹಾಕಿಕೊಂಡಲ್ಲ, ದಿನಬಳಕೆಯ ಮಾತನ್ನೇ ತಿರುಗಿಸಿ ಹಿಡಿದು.

ಇನ್ನು ಬಿಡಿಸಿದಷ್ಟೂ ಭಾರವಾಗುವ ಮಾತುಗಳಿವೆ. ಹೇಬಿಯಸ್ ಕಾರ್ಪಸ್ ಅಂಥದ್ದು. 'ಆ ದೇಹವನ್ನು ತಂದು ಮುಂದೆ ನಿಲ್ಲಿಸು' ಎಂದು ಸೆರೆಯಲ್ಲಿಟ್ಟವನಿಗೆ ಕೋರ್ಟು ಹೇಳುವ ಮಾತು. 1975ರ ಜೂನಿನಲ್ಲಿ ತುರ್ತು ಪರಿಸ್ಥಿತಿ ಬಂದಾಗ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಬೆಂಗಳೂರಿನಲ್ಲೇ ಬಂಧನಕ್ಕೊಳಗಾದರು. ಈ ಎರಡು ಪದ ಹಿಡಿದೇ ಅವರು ಕರ್ನಾಟಕ ಹೈಕೋರ್ಟಿನ ಬಾಗಿಲು ತಟ್ಟಿದರು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು, ತುರ್ತು ಪರಿಸ್ಥಿತಿಯಲ್ಲಿ ಈ ಅರ್ಜಿ ನಡೆಯದು ಅಂದರು. ಒಪ್ಪದೆ ಉಳಿದವರು ಎಚ್.ಆರ್. ಖನ್ನಾ ಒಬ್ಬರೇ. ಆ ತೀರ್ಪು ತಪ್ಪೆಂದು ಸುಪ್ರೀಂ ಕೋರ್ಟು ಹೇಳಿದ್ದು 2017ರ ಆಗಸ್ಟ್ 24ರಂದು, ಒಂಬತ್ತು ನ್ಯಾಯಮೂರ್ತಿಗಳ ಪೀಠದಲ್ಲಿ. ಆ ಪೀಠದ ಮುಂದಿದ್ದ ಮೊಕದ್ದಮೆ ಹೂಡಿದ್ದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಎರಡು ಪದಗಳಿಗಾದ ಆ ಅನ್ಯಾಯವನ್ನು ತಿದ್ದಿ ಬರೆಯಲು ಕೋರ್ಟಿಗೆ 41 ವರ್ಷ ಬೇಕಾಯಿತು. ಇಂಥ ಮಾತಿನ ಚೆಲುವು ನಾದದಲ್ಲಿಲ್ಲವ್ವಾ, ಅದು ನಡೆಸಿಕೊಡುವ ಕೆಲಸದಲ್ಲಿದೆ. ಸೆರೆಯಿಂದ ಒಬ್ಬನನ್ನು ಬಿಡಿಸಿದರೆ ಅದು ಚೆಲುವು. ಬಿಡಿಸದಿದ್ದರೆ ಬರೀ ಸದ್ದು.

ಈಗ ನಿನ್ನ ಎರಡು ಪದಕ್ಕೆ ಬರುತ್ತೇನೆ. ಎರಡು ಸಾವಿರ ವರ್ಷಗಳ ಹಿಂದಿನ ರೋಮಿನ ಕವಿ ಹೊರೇಸ್ ಬಳಸಿದ್ದು ಅದು. ಎಲ್ಲರೂ ಅದಕ್ಕೆ 'ದಿನವನ್ನು ದಕ್ಕಿಸಿಕೋ, ಕಸಿದುಕೋ' ಎಂದು ಅರ್ಥ ಹೇಳುತ್ತಾರೆ. ನೀನು ಮಜಾ ಮಾಡು ಅಂದೆ. ಆದರೆ ಕಾರ್ಪೆ ಕಸಿಯುವವರ ಮಾತಲ್ಲ, ತೋಟದವರ ಮಾತು. ಹಣ್ಣು ಕೀಳು, ಹೂ ಬಿಡಿಸು ಅನ್ನುವಾಗಿನ ಕ್ರಿಯಾಪದ ಅದು. ಅದರ ಅರ್ಥ ನಿನಗೆ ನಿಘಂಟಿನಲ್ಲಿ ಸಿಗುವುದಕ್ಕಿಂತ ಚೆನ್ನಾಗಿ ಹೂವಿನಹಡಗಲಿಯ ಮಲ್ಲಿಗೆ ತೋಟದಲ್ಲಿ ಸಿಗುತ್ತದೆ. ಭೌಗೋಳಿಕ ಗುರುತು ಪಡೆದಿರುವ ಆ ಮಲ್ಲಿಗೆಯ ಸಸ್ಯಶಾಸ್ತ್ರದ ಹೆಸರು ಜಾಸ್ಮಿನಂ ಆರಿಕುಲೇಟಂ. ಆರಿಕುಲೇಟಂ ಅಂದರೆ ಪುಟ್ಟ ಕಿವಿಗಳುಳ್ಳದ್ದು. ಎಲೆಯ ಬುಡದಲ್ಲಿ ಎರಡು ಕಿವಿಯಂಥ ಚಿಕ್ಕ ಎಲೆಗಳಿರುತ್ತವೆ, ಹೋದಾಗ ನೋಡು. ನಸುಕಿನಲ್ಲಿ ಹೆಣ್ಣುಮಕ್ಕಳು ಮೊಗ್ಗು ಬಿಡಿಸುತ್ತಾರೆ. ಬಲಿಯದ್ದನ್ನು ಮುಟ್ಟುವುದಿಲ್ಲ, ಅರಳಿದ ಮೇಲೆ ಕಾಯುವುದಿಲ್ಲ. ಜಗ್ಗಿದರೆ ಟೊಂಗೆ ಹೋಗುತ್ತದೆ, ತಡ ಮಾಡಿದರೆ ಪೇಟೆ ಹೋಗುತ್ತದೆ. ಹೊತ್ತು ನೋಡಿ ಬೆರಳ ತುದಿಯಲ್ಲಿ ಬಿಡಿಸಬೇಕು. ದಿನವನ್ನೂ ಹಾಗೆ ಬಿಡಿಸಿಕೋ ಅನ್ನುತ್ತವೆ ಆ ಎರಡು ಪದ. ಮಜಾ ಮಾಡುವುದಕ್ಕಿಂತ ನಸುಕಿನಲ್ಲಿ ಏಳುವುದಕ್ಕೆ ಹತ್ತಿರದ ಮಾತು ಅದು!

ಹೂ ಬಿಡಿಸುವುದು, ಗಂಟು ಬಿಡಿಸುವುದು, ಒಗಟು ಬಿಡಿಸುವುದು, ಸೆರೆ ಬಿಡಿಸುವುದು, ಮಾತು ಬಿಡಿಸಿ ಹೇಳುವುದು, ಎಲ್ಲಕ್ಕೂ ಕನ್ನಡ ಒಂದೇ ಪದ ಇಟ್ಟುಕೊಂಡಿದೆ. ಮುದುಕ ನನ್ನ ಹತ್ತಿರ ಕೇಳಿದ್ದೂ ಅದೊಂದನ್ನೇ. ಯಾವ ಭಾಷೆಯ ಚೆಂದದ ಮಾತು ಸಿಕ್ಕರೂ ಮೊದಲು ಬಿಡಿಸಿ ನೋಡು. ಯಾರು ಯಾರಿಗೆ ಹೇಳಿದ್ದು, ಏನು ಕೆಲಸ ಮಾಡುವ ಮಾತು, ನಮ್ಮಲ್ಲಿ ಅದಕ್ಕೇನನ್ನುತ್ತಾರೆ, ಈ ಮೂರು ಕೇಳು. ಕೇಳಿದ ಮೇಲೆ ಸೊಗಸು ಹೋದರೆ ಅದು ನಿನ್ನ ಅಜ್ಞಾನದ ಸೊಗಸಾಗಿತ್ತು, ಹೋಗಲಿ ಬಿಡು. ಉಳಿದರೆ ಆ ಮಾತು ರೋಮಿನದಾದರೂ ನಿನ್ನದೇ.

ಹಚ್ಚೆ ಹಾಕಿಸಿಕೋ, ನನ್ನ ಅಡ್ಡಿಯಿಲ್ಲ. ಅದಕ್ಕೆ ಮೊದಲು ನಿಮ್ಮಜ್ಜಿಯ ಪಕ್ಕ ಕೂತು ಅದೇನೆಂದು ಅವಳಿಗೆ ಬಿಡಿಸಿ ಹೇಳು. ಅವಳು "ಹೌದವ್ವಾ" ಅಂದ ದಿನ ಹೋಗಿ ಹಾಕಿಸಿಕೊಂಡು ಬಾ.