ಲ್ಯಾಪ್‌ಟಾಪಿನ ಮೊದಲ ಪಾಠ: ಫರ್ಮ್‌ವೇರನ್ನು ಅಳಿಸಿ ಬರೆಯುವ ಕ್ರಮ

ಮಲೆನಾಡಿನ ಮಠಗಳಲ್ಲಿ ಲೆಕ್ಕಪತ್ರಗಳನ್ನು ಬರೆದಿಡಲು ಹಿಂದೆ ಕಡತಗಳನ್ನು ಬಳಸುತ್ತಿದ್ದರು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲಿನ ಪುಡಿಯನ್ನೂ ಬಳಿದು, ಒಣಗಿಸಿ ಮಡಿಸಿದ ಕಪ್ಪು ಪುಸ್ತಕವೇ ಕಡತ. ಅದರ ಮೇಲೆ ಬಳಪದಿಂದ ಬರೆಯುವರು. ಬೇಡವಾದಾಗ ಒರಸಿ ಮತ್ತೆ ಬರೆಯುವರು. ತಾಳೆಗರಿಯಲ್ಲಿ ಕಂಟದಿಂದ ಕೊರೆದ ಅಕ್ಷರಕ್ಕೆ ಈ ಸೌಕರ್ಯವಿಲ್ಲ.

ಇಂದಿನ ಲ್ಯಾಪ್‌ಟಾಪಿನೊಳಗೂ ಇಂತಹ ಒಂದು ಕಡತವುಂಟು. ಗುಂಡಿಯನ್ನು ಒತ್ತಿದೊಡನೆ ಯಂತ್ರವು ಮೊಟ್ಟಮೊದಲು ಓದುವ ಆಜ್ಞೆಗಳು ಮದರ್‌ಬೋರ್ಡಿನ ಮೇಲಿರುವ ಸಣ್ಣ ಫ್ಲ್ಯಾಷ್ ಚಿಪ್ ಒಂದರಲ್ಲಿ ಇರುತ್ತವೆ. ಈ ಆಜ್ಞಾಸಮೂಹಕ್ಕೆ ಫರ್ಮ್‌ವೇರ್ ಎಂದು ಹೆಸರು. ಸಾಮಾನ್ಯವಾಗಿ ಇದರ ಒಳಗುಟ್ಟು ತಯಾರಕರಿಗೆ ಮಾತ್ರ ಗೊತ್ತು. ಕೆಲವು ವರ್ಷಗಳ ಬಳಿಕ ಅವರು ಅದನ್ನು ತಿದ್ದುವುದನ್ನೂ ನಿಲ್ಲಿಸುತ್ತಾರೆ. ಯಾರು ಬೇಕಾದರೂ ಓದಿ ತಿದ್ದಬಹುದಾದ ಫರ್ಮ್‌ವೇರಿನ ಕಾರ್ಯವನ್ನು 1999ರಲ್ಲಿ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ ರಾನ್ ಮಿನಿಕ್ ಅವರು ಆರಂಭಿಸಿದರು. ‘ಲಿನಕ್ಸ್‌ಬಯಾಸ್’ ಎಂದಿದ್ದ ಅದರ ಹೆಸರು 2008ರಲ್ಲಿ ‘ಕೋರ್‌ಬೂಟ್’ ಎಂದಾಯಿತು.

ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ಕೈಬದಲಾದ ಹಳೆಯ ಲ್ಯಾಪ್‌ಟಾಪಿನಲ್ಲಿಯೇ ಓದು ಮುಂದುವರಿಸುವ ವಿದ್ಯಾರ್ಥಿಗಳಿದ್ದಾರೆ. ಅವರಿಗೆ ಈ ವಿದ್ಯೆಯಿಂದ ಲಾಭವುಂಟು. ಆದರೆ ಮನೆಯಲ್ಲಿರುವ ಒಂದೇ ಯಂತ್ರವು ಕೆಟ್ಟರೆ ವರ್ಷದ ಓದಿಗೇ ಅಡ್ಡಿಯಾದೀತು. ಆದಕಾರಣ ಮೊದಲು ತತ್ತ್ವವನ್ನು ಅರಿಯೋಣ.

ಚಿಪ್‌ನ ಒಳಗೆ ನಡೆಯುವುದೇನು?

ಫ್ಲ್ಯಾಷ್ ಚಿಪ್‌ನ ಪ್ರತಿಯೊಂದು ಕೋಶವೂ ಒಂದು ಟ್ರಾನ್ಸಿಸ್ಟರ್. ಅದರ ನಡುವೆ, ಸುತ್ತಲೂ ಅವಾಹಕದಿಂದ ಮುಚ್ಚಿದ ಒಂದು ಪದರವಿದೆ. ಇದನ್ನು ತೇಲುವ ದ್ವಾರ ಎನ್ನುವರು. ಅಲ್ಲಿ ಎಲೆಕ್ಟ್ರಾನುಗಳನ್ನು ತುಂಬಿದರೆ ಕೋಶವು 0 ಎಂದೂ, ಹೊರದೂಡಿದರೆ 1 ಎಂದೂ ಓದಿಕೊಳ್ಳುತ್ತದೆ. ಅವಾಹಕವು ಎಲೆಕ್ಟ್ರಾನುಗಳನ್ನು ಸೋರಗೊಡದುದರಿಂದ ವಿದ್ಯುತ್ತು ನಿಂತರೂ ಬರಹವು ಉಳಿಯುತ್ತದೆ.

ಬರೆಯುವಾಗ 1ನ್ನು 0 ಮಾಡಬಹುದೇ ಹೊರತು, 0ಯನ್ನು 1 ಮಾಡಲಾಗದು. ಅದಕ್ಕಾಗಿ ಆ ಪುಟವನ್ನು ಪೂರ್ತಿಯಾಗಿ ಅಳಿಸಿ, ಎಲ್ಲ ಕೋಶಗಳನ್ನೂ 1ಕ್ಕೆ ತರಬೇಕು. ಇಂತಹ ಪುಟದ ಅಳತೆ ಸಾಮಾನ್ಯವಾಗಿ 4 ಕಿಲೋಬೈಟ್. ಕಡತದಲ್ಲಿ ಒಂದು ಅಕ್ಷರವನ್ನು ಮಾತ್ರ ಒರಸಬಹುದು. ಇಲ್ಲಿ ಹಾಳೆಯನ್ನೇ ಒರಸಬೇಕು. ಅಳಿಸುವಿಕೆ ಮುಗಿದು ಬರಹವು ಮುಗಿಯದೆ ಇರುವ ವೇಳೆಯೇ ಅಪಾಯದ ವೇಳೆ. ಆಗ ವಿದ್ಯುತ್ತು ನಿಂತರೆ ಹಳೆಯ ಪಾಠವೂ ಇಲ್ಲ, ಹೊಸ ಪಾಠವೂ ಇಲ್ಲ.

ನಮ್ಮ ಸೀಮೆಯಲ್ಲಿ ಇದು ಬರಿಯ ಊಹೆಯಲ್ಲ. ಸಾಗರದ ಲಿಂಗನಮಕ್ಕಿ, ಹೊಸನಗರದ ಮಾಣಿ ಜಲಾಶಯಗಳ ನೀರು ನಾಡಿಗೆ ವಿದ್ಯುತ್ತನ್ನು ಕೊಡುತ್ತಿದ್ದರೂ, ತೀರ್ಥಹಳ್ಳಿ ತಾಲೂಕಿನ ಆಗುಂಬೆಯಂತಹ ಮಳೆಯೂರುಗಳಲ್ಲಿ ತಂತಿಯ ಮೇಲೆ ಮರ ಬಿದ್ದು ದೀಪ ಆರುವುದು ವಿದಿತವೇ ಆಗಿದೆ. ಹಳೆಯ ಲ್ಯಾಪ್‌ಟಾಪಿನ ಬ್ಯಾಟರಿಯೂ ಹಲವು ವೇಳೆ ನಂಬತಕ್ಕದ್ದಲ್ಲ.

ಎರಡು ವಿಧಾನಗಳು

ಮೊದಲನೆಯದು ಒಳಗಿನ ವಿಧಾನ. ಲ್ಯಾಪ್‌ಟಾಪ್ ನಡೆಯುತ್ತಿರುವಾಗಲೇ ‘ಫ್ಲ್ಯಾಷ್‌ರಾಮ್’ ಎಂಬ ಮುಕ್ತ ತಂತ್ರಾಂಶದಿಂದ ಬರೆಯುವುದು. ಇದು ಸುಲಭ, ಆದರೆ ಅನೇಕ ತಯಾರಕರು ಚಿಪ್‌ಗೆ ಬರಹದ ಬೀಗ ಹಾಕಿರುತ್ತಾರೆ. ಬರಹವು ಕೆಟ್ಟರೆ ಯಂತ್ರವು ಏಳದು. ಏಳದ ಯಂತ್ರದಿಂದ ತನ್ನನ್ನು ತಾನೇ ತಿದ್ದಿಕೊಳ್ಳಲಾಗದು.

ಎರಡನೆಯದು ಹೊರಗಿನ ವಿಧಾನ. ಬ್ಯಾಟರಿಯನ್ನೂ ವಿದ್ಯುತ್ತಿನ ತಂತಿಯನ್ನೂ ತೆಗೆದು, ಚಿಪ್‌ನ ಕಾಲುಗಳಿಗೆ ಕ್ಲಿಪ್ ಕಚ್ಚಿಸಿ, ರಾಸ್ಪ್‌ಬೆರಿ ಪೈ ಮುಂತಾದ ಬೇರೊಂದು ಸಾಧನದಿಂದ ಬರೆಯುವುದು. ಎಂಟು ಕಾಲುಗಳ ಚಿಪ್‌ನಲ್ಲಿ ಚುಕ್ಕಿಯ ಗುರುತಿರುವುದು ಒಂದನೆಯ ಕಾಲು; ಕ್ಲಿಪ್ಪಿನ ಒಂದನೆಯ ತಂತಿ ಅಲ್ಲಿಯೇ ಕೂಡಬೇಕು. ಹಳೆಯ ಥಿಂಕ್‌ಪ್ಯಾಡುಗಳ ಇಂತಹ ಚಿಪ್‌ಗಳಿಗೆ ಬೇಕಾದುದು 3.3 ವೋಲ್ಟ್. ‘ಸಿಎಚ್341ಎ’ ಎಂಬ ಅಗ್ಗದ ಸಾಧನದ ಕೆಲವು ಮಾದರಿಗಳು ಸಂಕೇತದ ತಂತಿಗಳಲ್ಲಿ 5 ವೋಲ್ಟ್ ಕೊಡುತ್ತವೆ. ಮೀಟರಿನಿಂದ ಅಳೆಯದೆ ಜೋಡಿಸಬಾರದು. ಬರಹವು ಕೆಟ್ಟರೂ ಈ ವಿಧಾನದಿಂದ ಮತ್ತೆ ಬರೆಯಬಹುದು. ಇದೇ ಇದರ ಹಿರಿಮೆ.

ಬರೆಯುವ ಮೊದಲು ಓದುವುದು

ವಿಧಾನ ಯಾವುದೇ ಆಗಲಿ, ಕ್ರಮ ಒಂದೇ. ತಮ್ಮ ಮಾದರಿಗೆ ಮುಕ್ತ ಫರ್ಮ್‌ವೇರ್ ಇದೆಯೇ ಎಂದು ಮೊದಲು ನೋಡತಕ್ಕದ್ದು. ಥಿಂಕ್‌ಪ್ಯಾಡ್ ಎಕ್ಸ್200, ಎಕ್ಸ್230ಗಳಿಗೆ ಇದೆ. ಇಂಟೆಲ್ ಸಂಸ್ಥೆಯು 2013ರಲ್ಲಿ ತಂದ ‘ಬೂಟ್ ಗಾರ್ಡ್’ ಎಂಬ ಕಾವಲನ್ನು ತಯಾರಕರು ಬಿಗಿಗೊಳಿಸಿದ್ದರೆ, ಅವರ ಮುದ್ರೆಯಿಲ್ಲದ ಫರ್ಮ್‌ವೇರನ್ನು ಯಂತ್ರವು ಸಾಮಾನ್ಯವಾಗಿ ಸ್ವೀಕರಿಸದು.

ಅನಂತರ ಚಿಪ್‌ನಲ್ಲಿರುವ ಹಳೆಯ ಬರಹವನ್ನು ಎರಡು ಸಲ ಓದಿ, ಎರಡು ಪ್ರತಿಗಳನ್ನೂ ಹೋಲಿಸಬೇಕು. ಒಂದು ಬಿಟ್ ಬೇರೆಯಾದರೂ ಕ್ಲಿಪ್ ಸರಿಯಾಗಿ ಕಚ್ಚಿಲ್ಲವೆಂದು ತಿಳಿಯಬೇಕು. ಹೊಂದಿದರೆ ಆ ಪ್ರತಿಯನ್ನು ಬೇರೊಂದು ಕಡೆ ಜೋಪಾನಮಾಡಬೇಕು. ಎಕ್ಸ್200ರಲ್ಲಿ ಜಾಲಸಂಪರ್ಕದ ವಿಳಾಸವೂ ಇದೇ ಚಿಪ್‌ನಲ್ಲಿದೆ. ಬಳಿಕವೇ ಅಳಿಸಿ, ಬರೆದು, ಬರೆದುದನ್ನು ಮತ್ತೆ ಓದಿ ತಾಳೆನೋಡಬೇಕು. ಓದಿನ ಪ್ರತಿ ಕೈಯಲ್ಲಿರುವವರೆಗೆ ಯಾವ ತಪ್ಪನ್ನೂ ತಿದ್ದಲು ದಾರಿಯುಂಟು. ಪ್ರತಿಯಿಲ್ಲದೆ ಒರಸಿದ ಕಡತವನ್ನು ಯಾರೂ ಓದಲಾರರು.

ಅಭ್ಯಾಸ

1. ಎಕ್ಸ್230ರಲ್ಲಿ 8 ಮತ್ತು 4 ಮೆಗಾಬೈಟಿನ ಎರಡು ಚಿಪ್‌ಗಳಿವೆ. ತಲಾ 4 ಕಿಲೋಬೈಟಿನ ಪುಟಗಳು ಒಟ್ಟು ಎಷ್ಟು? (ಉತ್ತರ: 3,072.)

2. 1100 ಎಂಬುದನ್ನು ಅಳಿಸದೆಯೇ 1000 ಮಾಡಬಹುದೇ? 1000 ಎಂಬುದನ್ನು 1010? ಕಾರಣ ಕೊಡಿರಿ.