ಓದಿನ ಡೈರಿಗೆ ಅಂಕ ಕೊಡುವುದು ಹೇಗೆ?



ಈ ವರ್ಷ ನಮ್ಮ ತರಗತಿಯಲ್ಲಿ ಪ್ರತಿ ಮಗುವಿಗೂ ಒಂದು 'ಓದಿನ ಡೈರಿ' ಕೊಟ್ಟಿದ್ದೆವು. ಕಥೆ ಅಥವಾ ಪದ್ಯ ಓದಿ, ಮನಸ್ಸಿಗೆ ಅನಿಸಿದ್ದನ್ನು ನಾಲ್ಕೈದು ವಾಕ್ಯ ಬರೆಯಬೇಕು, ಅಷ್ಟೇ. ಮೊದಲು ಓದಿದ್ದು ಗೋವಿನ ಹಾಡು. ನಾನು ವೃತ್ತಿಯಲ್ಲಿ ಸಾಫ್ಟ್‌ವೇರ್ ಇಂಜಿನಿಯರ್, ಮೇಷ್ಟ್ರಲ್ಲ. ಹಾಗಾಗಿ ಡೈರಿಗಳನ್ನು ಪ್ರೋಗ್ರಾಂ ಟೆಸ್ಟ್ ಮಾಡುವ ಹಾಗೇ ನೋಡಿದೆ: ಉತ್ತರ ಸರಿಯೋ, ತಪ್ಪೋ?

ಒಬ್ಬ ವಿದ್ಯಾರ್ಥಿ ಹೀಗೆ ಬರೆದಿದ್ದ: "ಪುಣ್ಯಕೋಟಿ ಒಳ್ಳೆಯ ಹಸು. ಅವಳು ಸತ್ಯ ಹೇಳಿದಳು. ನಾವೂ ಸತ್ಯ ಹೇಳಬೇಕು." ಒಂದೂ ಕಾಗುಣಿತದ ತಪ್ಪಿಲ್ಲ. ಹತ್ತಕ್ಕೆ 9 ಕೊಟ್ಟೆ.

ಇನ್ನೊಬ್ಬಳು ಬರೆದಿದ್ದಳು: "ಪುಣ್ಯಕೊಟಿ ಕರು ಹತ್ರ ಸುಲ್ಲು ಹೆಳಲಿಲ್ಲ. ನಾನು ಹುಲಿ ಹತ್ರ ಹೊಗ್ತಿನಿ ಅಂತ ಹೆಳಿದಳು. ನಮ್ಮಮ್ಮ ಹಾಗೆ ಹೆಳಿದ್ರೆ ನನಗೆ ಬಯ. ಹುಲಿಗೆ ಹಸಿವು ಇತ್ತು, ಅದು ಯಾಕೆ ಸಾಯಬೆಕು?" ಕೆಂಪು ಪೆನ್ನಿನಲ್ಲಿ ಎಲ್ಲ ತಪ್ಪಿಗೂ ಸುತ್ತು ಹಾಕಿ 5 ಕೊಟ್ಟೆ. ಮುಂದಿನ ವಾರ ಅವಳ ಡೈರಿಯಲ್ಲಿ ಒಂದೇ ಸಾಲು ಇತ್ತು: "ಕಥೆ ಚೆನ್ನಾಗಿದೆ." ಒಂದೂ ತಪ್ಪಿರಲಿಲ್ಲ!

ಆಗ ನನಗೆ ಗೊತ್ತಾಯ್ತು, ತಪ್ಪು ಇದ್ದದ್ದು ನನ್ನ ಟೆಸ್ಟ್‌ನಲ್ಲಿ. ನಾನು ಅಳೆದದ್ದು ಕಾಗುಣಿತವನ್ನು, ಓದನ್ನಲ್ಲ.

ಅಮೆರಿಕದ ಲೂಯಿಸ್ ರೋಸೆನ್‌ಬ್ಲಾಟ್ ಅವರು 1938ರಲ್ಲಿ 'ಲಿಟರೇಚರ್ ಆಸ್ ಎಕ್ಸ್‌ಪ್ಲೊರೇಷನ್' ಎಂಬ ಪುಸ್ತಕ ಬರೆದರು. ಅವರ ವಿಚಾರ ಸರಳವಾಗಿ ಹೇಳುವುದಾದರೆ, ಕಥೆಯ ಅರ್ಥ ಪುಸ್ತಕದಲ್ಲಿ ಮಾತ್ರ ಇಲ್ಲ, ಓದುವವರ ಮನಸ್ಸಿನಲ್ಲಿ ಮಾತ್ರವೂ ಇಲ್ಲ. ಎರಡೂ ಸೇರಿದಾಗ ಹುಟ್ಟುತ್ತದೆ. ಹಾಗಂತ ಏನು ಬರೆದರೂ ಸರಿ ಅಂತಲ್ಲ. ನಾವು ಹೇಳುವುದಕ್ಕೆ ಕಥೆಯಲ್ಲಿ ಆಧಾರ ಇರಬೇಕು.

ಈಗ ನಾವು ಡೈರಿಯಲ್ಲಿ ನಾಲ್ಕು ವಿಷಯ ನೋಡುತ್ತೇವೆ. ಒಂದೊಂದಕ್ಕೂ 3 ಅಂಕ, ಒಟ್ಟು 12.

1. ನೆನಪು: ಕಥೆಯಲ್ಲಿ ಏನಾಯಿತು ಅಂತ ಸರಿಯಾಗಿ ತಿಳಿದಿದೆಯೇ?
2. ಆಧಾರ: "ನನಗೆ ಹೀಗನಿಸಿತು" ಅಂದಾಗ, ಕಥೆಯ ಯಾವ ಜಾಗದಿಂದ ಹಾಗನಿಸಿತು ಅಂತ ತೋರಿಸಿದ್ದಾರೆಯೇ?
3. ನಂಟು: ತಮ್ಮ ಮನೆ, ಗೆಳೆಯರು, ತಮ್ಮ ಭಯ, ಖುಷಿ ಯಾವುದಾದರೂ ಕಥೆಗೆ ಸೇರಿದೆಯೇ?
4. ಪ್ರಶ್ನೆ: ಕಥೆಯನ್ನೇ ಏನಾದರೂ ಕೇಳಿದ್ದಾರೆಯೇ?

ಈ ಅಳತೆಯಲ್ಲಿ ಆ ಎರಡು ಡೈರಿಗಳನ್ನು ಮತ್ತೆ ನೋಡಿದೆ. ಮೊದಲನೆಯದಕ್ಕೆ ಕ್ರಮವಾಗಿ 2, 1, 1, 0, ಒಟ್ಟು 4. ಎರಡನೆಯದಕ್ಕೆ 2, 2, 3, 3, ಒಟ್ಟು 10. ಹಾಗಾದರೆ ಮೊದಲನೆಯ ಹುಡುಗ ದಡ್ಡನೇ? ಖಂಡಿತ ಅಲ್ಲ. ನಾನು ಕಾಯುತ್ತಿದ್ದ ಉತ್ತರವನ್ನೇ ಅವನು ಕೊಟ್ಟಿದ್ದ. ಅವನ ಪುಟದ ಕೆಳಗೆ "ನಿನಗೆ ಸತ್ಯ ಹೇಳೋದು ಕಷ್ಟ ಆಗಿದ್ದು ಯಾವಾಗ?" ಅಂತ ಬರೆದೆ. ಮುಂದಿನ ವಾರ ಒಡೆದ ಐಪ್ಯಾಡ್ ಬಗ್ಗೆ ಒಂದೂವರೆ ಪುಟ ಬಂತು! ಎರಡನೆಯವಳಿಗೆ "ಸಾರಿ" ಹೇಳಿ, ಹುಲಿಯ ಪ್ರಶ್ನೆಯನ್ನು ಇಡೀ ತರಗತಿಯ ಮುಂದಿಟ್ಟೆ. ಅರ್ಧ ಗಂಟೆ ಚರ್ಚೆ ನಡೆಯಿತು. ಅವಳೇ ಹೆಚ್ಚು ಮಾತಾಡಿದಳು, ಕನ್ನಡದಲ್ಲೇ.

ಕಾಗುಣಿತ ಬೇಡವೇ ಅಂತ ಕೆಲವು ಪೋಷಕರು ಕೇಳಿದರು. ಬೇಕು. ಅದಕ್ಕೆ ಉಕ್ತಲೇಖನ ಇದೆ, ಅಲ್ಲಿ ಲ, ಳ ಎಲ್ಲ ನೋಡುತ್ತೇವೆ. ಡೈರಿಯಲ್ಲಿ ಮಾತ್ರ ವಾರಕ್ಕೆ ಎರಡೇ ಪದ ಪೆನ್ಸಿಲ್‌ನಲ್ಲಿ ತಿದ್ದುತ್ತೇವೆ.

ಪೋಷಕರಲ್ಲಿ ಒಂದು ವಿನಂತಿ: ಡೈರಿಯನ್ನು ಮನೆಯಲ್ಲಿ ತಿದ್ದಿ ಕಳಿಸಬೇಡಿ. ಮಗು ಬರೆದದ್ದನ್ನು ಓದಿ, "ಯಾಕೆ ಹಾಗನಿಸ್ತು?" ಅಂತ ಒಂದು ಪ್ರಶ್ನೆ ಕೇಳಿ, ಸಾಕು.

ಮಕ್ಕಳೇ, ಈಗ ನಿಮ್ಮ ಸರದಿ. ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಓದಿ. ಅದಕ್ಕೆ ರಾಬರ್ಟ್ ಬ್ರೌನಿಂಗ್ ಅವರ ಇಂಗ್ಲಿಷ್ ಕವಿತೆ ಪ್ರೇರಣೆ. ಆ ಕಥೆ ನಿಮ್ಮಲ್ಲಿ ಕೆಲವರಿಗೆ ಗೊತ್ತೇ ಇರುತ್ತದೆ. ಜೋಗಿಯ ಹಿಂದೆ ಹೋಗಲಾಗದೆ ಉಳಿದ ಕುಂಟ ಹುಡುಗನಿಗೆ ಏನನಿಸಿರಬಹುದು? ನೀವು ಯಾವತ್ತಾದರೂ ಹಾಗೆ ಹಿಂದೆ ಉಳಿದಿದ್ದೀರಾ? ಐದು ವಾಕ್ಯ ಬರೆಯಿರಿ. ತಪ್ಪಾದರೆ ಆಗಲಿ, ಕೆಂಪು ಪೆನ್ನನ್ನು ನಾನು ಮನೆಯಲ್ಲೇ ಬಿಟ್ಟು ಬರುತ್ತೇನೆ.