ಮೊದಲು ತನ್ನ ಗಿಡ, ಆಮೇಲೆ ಪಕ್ಕದ ತೋಟ



ಬಾಳೂರಿನ ಈ ಬೆಟ್ಟ ಹತ್ತುವವರು ಯಾರೂ ಬರಿಗೈಯಲ್ಲಿ ಬರುವುದಿಲ್ಲ. ಒಬ್ಬರ ಕೈಯಲ್ಲಿ ಮೇಣದಬತ್ತಿ, ಇನ್ನೊಬ್ಬರ ಕೈಯಲ್ಲಿ ಹರಕೆಯ ಹೂವು. ಇದರ ಜೊತೆಗೆ ಕಣ್ಣಿಗೆ ಕಾಣದ ಒಂದು ಗಂಟೂ ಇರುತ್ತೆ. ಅಣ್ಣ ಬೇಲಿ ಒತ್ತಿದ, ಸೊಸೆ ಮಾತು ಕೇಳಲ್ಲ, ಪಕ್ಕದ ಮನೆಯವರ ನಡತೆ ಸರಿಯಿಲ್ಲ ಎಂಬ ಬೇರೆಯವರ ತಪ್ಪುಗಳ ಗಂಟು ಅದು. ಎಷ್ಟೋ ಜನ ಅದನ್ನು ಪೀಠದ ಮುಂದೆ ಇಳಿಸಿ, ಪ್ರಾರ್ಥನೆ ಮುಗಿದ ಕೂಡಲೇ ಮತ್ತೆ ಹೆಗಲಿಗೆ ಹಾಕಿಕೊಂಡು ಬೆಟ್ಟ ಇಳಿಯುತ್ತಾರೆ. ಪಾಪನಿವೇದನೆಗೆ ಮೊಣಕಾಲೂರಿ ಗಂಡನ ಪಾಪ ಹೇಳುವ ಹೆಂಡತಿಯರೂ, ಹೆಂಡತಿಯ ಪಾಪ ಹೇಳುವ ಗಂಡಂದಿರೂ ಇಲ್ಲದಿಲ್ಲ. ಆ ಗಂಟನ್ನು ನಿಜವಾಗಿ ಇಳಿಸುವುದು ಹೇಗೆ ಎಂಬುದೇ ಈ ಪಾಠ.

1. ಪ್ರಭುವಿನ ಬೋಧನೆ

ಸಂತ ಮತ್ತಾಯರ ಶುಭಸಂದೇಶದ 7ನೇ ಅಧ್ಯಾಯದ ಮೊದಲ ಐದು ವಚನಗಳಲ್ಲಿ ಯೇಸುಸ್ವಾಮಿ ಈ ವಿಷಯ ಹೇಳಿದ್ದಾರೆ. ಒಬ್ಬನ ಕಣ್ಣಿಗೆ ಮರದ ಪುಡಿ ಬಿದ್ದಿದೆ. ಅದನ್ನು ತೆಗೆಯಲು ಬಂದವನ ಕಣ್ಣಲ್ಲೇ ಒಂದು ತೊಲೆ! ಯೇಸು ಬಡಗಿಯ ಕೆಲಸ ಮಾಡಿದವರು (ಮಾರ್ಕ 6:3). ಪುಡಿಯೂ ತೊಲೆಯೂ ಒಂದೇ ಮರದ್ದು ಎಂಬುದು ಬಡಗಿಗೆ ಗೊತ್ತು. ನಾವು ಇನ್ನೊಬ್ಬರಲ್ಲಿ ಬೇಗ ಕಂಡುಹಿಡಿಯುವ ತಪ್ಪು ಹೆಚ್ಚಾಗಿ ನಮ್ಮಲ್ಲೇ ದೊಡ್ಡದಾಗಿ ಇರುತ್ತೆ. ನಾವು ಅಳೆಯುವ ಅಳತೆಯಲ್ಲೇ ನಮ್ಮನ್ನೂ ಅಳೆಯಲಾಗುತ್ತದೆ ಎಂದೂ ಪ್ರಭು ಎಚ್ಚರಿಸಿದ್ದಾರೆ. ಹಣ್ಣು ಕುಯ್ಯುವ ಕಾಲದಲ್ಲಿ ಸಂಜೆ ತಕ್ಕಡಿಯ ಮುಂದೆ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೂಲಿಯವರ ಚೀಲಕ್ಕೆ ಒಂದು ತಕ್ಕಡಿ, ತನ್ನ ಚೀಲಕ್ಕೆ ಇನ್ನೊಂದು ಎಂದರೆ ದೇವರು ಒಪ್ಪುವುದಿಲ್ಲ.

2. ಕಾಫಿ ಗಿಡದ ಪಾಠ

ಈ ಸೀಮೆಯ ಅರೇಬಿಕಾ ತೋಟದವರಿಗೆ ಬಿಳಿ ಕಾಂಡಕೊರಕ ಎಂದರೆ ನಡುಕ. ದುಂಬಿ ಬಂದು ಕಾಂಡದ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ಮರಿಹುಳು ಒಳಗೆ ಸೇರಿ ತಿಂಗಳುಗಟ್ಟಲೆ ಕಾಂಡ ಕೊರೆಯುತ್ತದೆ. ಆಗಲೂ ಮೇಲೆ ಎಲೆ ಹಸಿರಾಗಿಯೇ ಇರಬಹುದು. ಎಲೆ ಹಳದಿಯಾಗಿ ಬಾಡುವ ಹೊತ್ತಿಗೆ ಒಳಗೆ ಕೆಲಸ ಮುಗಿದಿರುತ್ತೆ.

ಇದನ್ನು ರಸ್ತೆಯಲ್ಲಿ ನಿಂತು ಕಂಡುಹಿಡಿಯಲು ಆಗಲ್ಲ. ಗಿಡದ ಬುಡಕ್ಕೆ ಹೋಗಬೇಕು, ಬೆನ್ನು ಬಗ್ಗಿಸಬೇಕು, ಕಾಂಡದ ಮೇಲೆ ಎದ್ದ ಏಣುಗಳನ್ನು ಕಣ್ಣಿಟ್ಟು ಹುಡುಕಬೇಕು. ದುಂಬಿ ಹಾರುವುದು ಏಪ್ರಿಲ್–ಮೇ ಮತ್ತು ಅಕ್ಟೋಬರ್–ಡಿಸೆಂಬರ್ ತಿಂಗಳುಗಳಲ್ಲಿ. ಆದ್ದರಿಂದ ಅದಕ್ಕೆ ಮೊದಲೇ, ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ, ರೋಗದ ಗಿಡ ಹುಡುಕಿ ಕಿತ್ತು ಸುಡಬೇಕೆಂದು ಕಾಫಿ ಮಂಡಳಿಯವರು ಹೇಳುತ್ತಾರೆ. ಮಂಡಳಿಯ ಸಂಶೋಧನಾ ಕೇಂದ್ರ 1925ರಿಂದ ಇದೇ ಜಿಲ್ಲೆಯ ಬಾಳೆಹೊನ್ನೂರಿನ ಬಳಿ ಇದೆ.

ಈಗ ಯೋಚನೆ ಮಾಡಿ. ಒಬ್ಬ ದಿನವೂ ಬೇಲಿ ಹತ್ತಿರ ನಿಂತು, "ಪಕ್ಕದ ತೋಟದವನಿಂದಲೇ ನನಗೆ ಹುಳು ಬಂತು" ಎಂದು ಬಯ್ಯುತ್ತಾನೆ. ಅವನ ಮಾತು ಸುಳ್ಳೇ ಇರಬೇಕೆಂದಿಲ್ಲ. ದುಂಬಿ ಬೇಲಿ ದಾಟುತ್ತದೆ. ಆದರೆ ಅವನು ಬಯ್ಯುತ್ತಾ ನಿಂತಷ್ಟು ದಿನವೂ ಅವನದೇ ಗಿಡಗಳ ಒಳಗೆ ಹುಳು ತಿನ್ನುತ್ತಲೇ ಇರುತ್ತೆ. ಆತ್ಮದ ಕಥೆಯೂ ಇದೇ. ಪಕ್ಕದವರು ತಪ್ಪು ಮಾಡಿದ್ದು ನಿಜ ಇರಬಹುದು. ಅದರಿಂದ ನಮ್ಮ ಹುಳು ಸಾಯುವುದಿಲ್ಲ.

3. ದಾವೀದ ಅರಸನ ತೀರ್ಪು

ಸಮುವೇಲನ ಎರಡನೇ ಗ್ರಂಥದ 12ನೇ ಅಧ್ಯಾಯ ಓದಿ. ದಾವೀದನು ಊರೀಯನ ಹೆಂಡತಿಯನ್ನು ತನ್ನವಳಾಗಿಸಿಕೊಂಡು, ಊರೀಯನನ್ನು ಯುದ್ಧದಲ್ಲಿ ಸಾಯುವಂತೆ ಮಾಡಿದ್ದ. ಪ್ರವಾದಿ ನಾತಾನನು ಬಂದು ಒಂದು ಕಥೆ ಹೇಳಿದ. ಬೇಕಾದಷ್ಟು ಕುರಿ ಇದ್ದ ಧನಿಕನೊಬ್ಬ, ಬಡವನು ಮಗಳಂತೆ ಸಾಕಿದ ಒಂದೇ ಕುರಿಮರಿಯನ್ನು ಕಿತ್ತುಕೊಂಡು ಅತಿಥಿಗೆ ಅಡಿಗೆ ಮಾಡಿಸಿದ ಎಂದು. ದಾವೀದನಿಗೆ ಸಿಟ್ಟು ನೆತ್ತಿಗೇರಿತು. ಅಂಥವನಿಗೆ ಸಾವೇ ಸರಿ ಎಂದುಬಿಟ್ಟ. ಆ ಧನಿಕ ನೀನೇ ಎಂದು ನಾತಾನನು ತೋರಿಸಿಕೊಟ್ಟ.

ದಾವೀದನ ನ್ಯಾಯಬುದ್ಧಿ ಚೆನ್ನಾಗಿಯೇ ಇತ್ತು, ನೋಡಿ. ಅದು ಹೊರಗೆ ಮಾತ್ರ ತಿರುಗಿತ್ತು, ಅಷ್ಟೇ. ಅವನ ದೊಡ್ಡತನ ಮುಂದಿನ ಮಾತಿನಲ್ಲಿದೆ. ಅರಸನಾಗಿದ್ದರೂ ನಾತಾನನ ಮೇಲೆ ಕೈಮಾಡಲಿಲ್ಲ, ನೆಪ ಹೇಳಲಿಲ್ಲ, ಪಾಪ ಮಾಡಿದೆ ಎಂದು ಒಪ್ಪಿಕೊಂಡ.

4. ಧರ್ಮಸಭೆಯೂ ಎದೆ ಬಡಿದುಕೊಂಡಿತು

ಇದು ಒಬ್ಬೊಬ್ಬರಿಗೆ ಮಾತ್ರ ಹೇಳಿದ ಪಾಠವಲ್ಲ. 2000ನೇ ಇಸವಿ ಮಾರ್ಚ್ 12ರಂದು, ತಪಸ್ಸುಕಾಲದ ಮೊದಲ ಭಾನುವಾರ, ಜಗದ್ಗುರು ಎರಡನೇ ಜಾನ್ ಪಾಲ್‌ರವರು ರೋಮಿನ ಸಂತ ಪೇತ್ರರ ಮಹಾದೇವಾಲಯದಲ್ಲಿ ಧರ್ಮಸಭೆಯ ಮಕ್ಕಳು ಹಿಂದೆ ಮಾಡಿದ ಪಾಪಗಳಿಗಾಗಿ ಬಹಿರಂಗವಾಗಿ ದೇವರ ಕ್ಷಮೆ ಬೇಡಿದರು. 2016ರಲ್ಲಿ ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು ದಲಿತರ ಸಬಲೀಕರಣಕ್ಕಾಗಿ ಒಂದು ನೀತಿಯನ್ನು ಹೊರಡಿಸಿ, ಜಾತಿಭೇದ ಧರ್ಮಸಭೆಯ ಒಳಗೂ ಇದೆ, ಅದು ಪಾಪ ಎಂದು ಒಪ್ಪಿಕೊಂಡಿತು.

ಜಗದ್ಗುರುಗಳೇ, ಧರ್ಮಾಧ್ಯಕ್ಷರೇ ಹೀಗೆ ಮಾಡಿದ ಮೇಲೆ ನಮ್ಮ ಮನೆಗಳ ಗತಿ ಏನು? ಭಾನುವಾರ ಲೈನ್ ಮನೆಯವರೂ ಬಂಗಲೆಯವರೂ ಒಂದೇ ಪೀಠದಿಂದ ಕ್ರಿಸ್ತಪ್ರಸಾದ ಸ್ವೀಕರಿಸುತ್ತಾರೆ. ಸೋಮವಾರ ಅದೇ ಲೈನ್ ಮನೆಯವರಿಗೆ ಹಿತ್ತಲ ಬಾಗಿಲಲ್ಲಿ ಬೇರೆ ಲೋಟದಲ್ಲಿ ಕಾಫಿ ಕೊಟ್ಟರೆ, ಆ ಲೋಟವೇ ನಮ್ಮ ಕಣ್ಣಿನ ತೊಲೆ.

5. ಹಾಗಾದರೆ ತಪ್ಪನ್ನು ತಪ್ಪು ಅನ್ನಲೇಬಾರದೇ?

ಅನ್ನಬಹುದು, ಅನ್ನಲೇಬೇಕು. ಪ್ರಭು ಪುಡಿಯನ್ನು ಕಣ್ಣಲ್ಲೇ ಬಿಡು ಎನ್ನಲಿಲ್ಲ. ಮೊದಲು ತೊಲೆ ತೆಗಿ, ಆಮೇಲೆ ಚೆನ್ನಾಗಿ ಕಾಣುತ್ತೆ, ಆಗ ಸೋದರನ ಕಣ್ಣಿಗೆ ಕೈಹಾಕು ಎಂಬುದು ಅವರ ಕ್ರಮ. ಸೋದರ ತಪ್ಪು ಮಾಡಿದರೆ ಮೊದಲು ಅವನೊಬ್ಬನಿಗೇ ಹೋಗಿ ಹೇಳಬೇಕೆಂದೂ ಕಲಿಸಿದ್ದಾರೆ (ಮತ್ತಾಯ 18:15). ನಾವೋ, ಊರಿಗೆಲ್ಲ ಹೇಳಿ ಅವನಿಗೆ ಮಾತ್ರ ಹೇಳುವುದಿಲ್ಲ.

ಇನ್ನೊಂದು ಮಾತು. ಹೊಡೆತ ತಿನ್ನುವ ಹೆಂಡತಿ, ಕೂಲಿ ಸಿಗದ ಆಳು ನ್ಯಾಯ ಕೇಳಿದರೆ, "ಮೊದಲು ನಿನ್ನ ತಪ್ಪು ನೋಡಿಕೋ" ಎಂದು ಬಾಯಿ ಮುಚ್ಚಿಸಲು ಈ ವಚನವನ್ನು ಬಳಸಬಾರದು. ಹಾಗೆ ಬಳಸುವವನ ಕಣ್ಣಲ್ಲೇ ದೊಡ್ಡ ತೊಲೆ ಇದೆ.

6. ದಿನವೂ ಐದು ಮೆಟ್ಟಿಲು

1548ರಲ್ಲಿ ಅಚ್ಚಾದ ಸಂತ ಲೊಯೋಲಾ ಇಗ್ನಾಸಿಯವರ ಆಧ್ಯಾತ್ಮಿಕ ಸಾಧನೆಯ ಪುಸ್ತಕದಲ್ಲಿ ಆತ್ಮಪರಿಶೋಧನೆಗೆ ಐದು ಹಂತಗಳಿವೆ. ರಾತ್ರಿ ಮಲಗುವ ಮುಂಚೆ ಹತ್ತು ನಿಮಿಷ ಸಾಕು.

ಒಂದು: ದೇವರು ಕೊಟ್ಟ ಉಪಕಾರಗಳಿಗೆ ಕೃತಜ್ಞತೆ ಹೇಳಿ.
ಎರಡು: ತನ್ನ ಪಾಪ ತನಗೆ ಕಾಣುವ ವರ ಬೇಡಿ.
ಮೂರು: ಎದ್ದಾಗಿನಿಂದ ಗಂಟೆ ಗಂಟೆಯ ಯೋಚನೆ, ಮಾತು, ಕೆಲಸಗಳನ್ನು ನೋಡಿ.
ನಾಲ್ಕು: ಕ್ಷಮೆ ಕೇಳಿ.
ಐದು: ನಾಳೆ ತಿದ್ದಿಕೊಳ್ಳುವ ನಿರ್ಧಾರ ಮಾಡಿ.

ಒಂದೇ ತಪ್ಪನ್ನು ಆರಿಸಿಕೊಂಡು, ಅದು ದಿನಕ್ಕೆ ಎಷ್ಟು ಸಲ ಆಯಿತೆಂದು ಗೆರೆಯ ಮೇಲೆ ಚುಕ್ಕೆ ಇಟ್ಟು, ದಿನಕ್ಕೆ ದಿನ, ವಾರಕ್ಕೆ ವಾರ ಹೋಲಿಸಿ ನೋಡುವ ಕ್ರಮವನ್ನೂ ಅವರು ಕಲಿಸಿದ್ದಾರೆ. ಮನೆಯ ಕ್ಯಾಲೆಂಡರಿನಲ್ಲೇ ಚುಕ್ಕೆ ಇಡಬಹುದು. ಚುಕ್ಕೆ ನಮ್ಮದು ಮಾತ್ರ, ಗಂಡನದ್ದಾಗಲಿ ಅತ್ತೆಯದ್ದಾಗಲಿ ಬೇಡ.

ಬೆಟ್ಟ ಇಳಿಯುವ ಮುಂಚೆ ಕೇಳಿಕೊಳ್ಳಿ

• ಇವತ್ತು ದಾರಿಯಲ್ಲಿ ಯಾರನ್ನು ಆಡಿಕೊಂಡೆ? ಅದೇ ಗುಣ ನನ್ನಲ್ಲಿ ಎಲ್ಲಿದೆ?
• ನನ್ನ ಮಗ ಮಾಡಿದರೆ ಸಣ್ಣ ತಪ್ಪು, ಸೊಸೆ ಮಾಡಿದರೆ ದೊಡ್ಡ ತಪ್ಪು ಎಂಬ ಎರಡು ತಕ್ಕಡಿ ಮನೆಯಲ್ಲಿದೆಯೇ?
• ಯಾರ ಹತ್ತಿರ ನೇರ ಹೋಗಿ ಕ್ಷಮೆ ಕೇಳಬೇಕು? ಈ ವಾರವೇ ಹೋಗಬಹುದೇ?

ಪ್ರಾರ್ಥನೆ

ಪ್ರಭುವೇ, ಬೇರೆಯವರ ತಪ್ಪಿನ ಗಂಟು ಹೊತ್ತು ಬಂದ ನಮಗೆ ನಮ್ಮ ತಪ್ಪನ್ನು ತೋರಿಸು. ತೋರಿಸಿದಾಗ ನೆಪ ಹೇಳದ ಹಾಗೆ ಕಾಪಾಡು. ನೀನು ನಮ್ಮನ್ನು ಕ್ಷಮಿಸಿದ ಅಳತೆಯಲ್ಲೇ ನಾವೂ ಮನೆಯವರನ್ನು, ನೆರೆಯವರನ್ನು ಕ್ಷಮಿಸುವಂತೆ ಮಾಡು. ಆಮೆನ್.